ಏಕಾದಶಿಯಂದು ಬಂದ ಕನಸು

“ಇದು ಕನಸಲ್ರಿ ಬಾಯಾರ, ಇದು ಪ್ಲ್ಯಾನು!”

ಪ್ರಾಣೇಶರಾಯರು ಟ್ಯಾಬನ್ನು ನನ್ನ ಮೂಗಿನ ತನಕ ತಂದು ಹಿಡಿದರು. ನಾನು ಕನ್ನಡಕ ಮೇಲೇರಿಸಿಕೊಂಡು ಓದಿದೆ.

‘ಮೆಟ್ರೋದಾಗ ಕೂತಿದ್ದೆ. ತೊಡಿ ಮ್ಯಾಲೆ ಊಟದ ಡಬ್ಬಿ. ಬಿಸಿ ಹತ್ತಲಿಕ್ಕತ್ತಿತ್ತು. ಯಾರಿಗೆ ಒಯ್ದು ಕೊಡಬೇಕು ಅನ್ನೋದು ಮರೆತುಹೋಗಿತ್ತು. ಅಮೀರಪೇಟದಾಗ ಇಳೀಬೇಕಿತ್ತು, ಇಳೀಲಿಲ್ಲ. ತಾರ್ನಾಕ ದಾಟಿತು, ಆಮ್ಯಾಲೆ ಊರೂ ಮುಗೀತು, ರೈಲು ಮಾತ್ರ ಮುಗೀಲಿಲ್ಲ. ಮೋಡದಾಗ ಹೊಂಟಿತ್ತು. ಅಲ್ಲೆ ಯಾರೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಭಾಳ ಛಂದ ನಿದ್ದಿ ಬಂತು.’

“ಡಬ್ಬಿ ಅಂದ್ರ ಬಟ್ಟಿ ಬ್ಯಾಗು,” ರಾಯರು ಬೆರಳು ಮಡಿಚಿದರು. “ಮೆಟ್ರೋ ಅಂದ್ರ ದೊಡ್ಡ ರೈಲು, ಸಿಕಂದರಾಬಾದಿಂದು. ಹೆಸರು ಹಿಡಿದು ಕರೀಲಿಲ್ಲ ಅಂದ್ರ ಹೆಸರು ಬದಲಿ ಮಾಡ್ಕೊಂಡು ಓಡಿಹೋಗೋದು. ಇದ್ದದ್ದರೊಳಗ ಇದೇ ಭಾಳ ಅಪಾಯದ್ದು.”

ಅವರ ಹೆಂಡತಿ ವಾಸಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. 

ಇವರ ಒಬ್ಬಳೇ ಮಗಳು, ಹದಿನಾರರ ಸಂಪದಾ, ನಿನ್ನೆ ಬೆಳಿಗ್ಗೆ ಕೂಕಟ್‌ಪಲ್ಲಿಯ ಈ ಫ್ಲಾಟಿನಿಂದ ಕಾಲೇಜಿಗೆಂದು ಹೊರಟವಳು ಕಾಲೇಜು ಮುಟ್ಟಿಲ್ಲ, ಮನೆಗೂ ಮರಳಿಲ್ಲ. ಫೋನು ಅವಳ ಹತ್ತಿರವೇ ಇದೆ, ಆದರೆ ಬಂದ್ ಆಗಿದೆ. ಪೊಲೀಸರ ಮಾತೆತ್ತಿದರೆ ರಾಯರು ಹುಡುಗಿಯ ಹೆಸರು ಕೆಡುತ್ತದೆ ಎನ್ನುತ್ತಾರೆ. ಕೊನೆಗೆ ವಾಸಂತಿ ಗಂಡನನ್ನು ಕೇಳದೆಯೇ ನನ್ನನ್ನು ಕರೆಸಿದರು. ಇವತ್ತು ಸಂಜೆಯೊಳಗೆ ಹುಡುಗಿ ಸಿಗದಿದ್ದರೆ ನಾನೇ ಠಾಣೆಯ ಮೆಟ್ಟಿಲು ಹತ್ತುತ್ತೇನೆಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದೆ.

ನನ್ನ ಕಸುಬು ಇದಲ್ಲ. ಮದುವೆಗೆ ಮುಂಚೆ ಗಂಡಿನ ಮನೆಯವರು ಹೇಳಿದ್ದರಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು ಎಂದು ವಿಚಾರಿಸಿ ಹೇಳುವವಳು ನಾನು. ತಾರ್ನಾಕದ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚದಿದ್ದರೆ ನನ್ನ ತಲೆ ಓಡುವುದಿಲ್ಲ. ಪತ್ತೇದಾರಿಕೆಗೆ ಇದು ಒಳ್ಳೆಯ ಲಕ್ಷಣವಲ್ಲವೆಂದು ಎಲ್ಲರೂ ಹೇಳುತ್ತಾರೆ, ಹೇಳಲಿ.

“ನಾ ಸ್ವಲ್ಪ ಬಾಲ್ಕನಿಯೊಳಗ ಕೂಡ್ತೀನಿ,” ಎಂದೆ. “ಇದನ್ನ ಪೂರಾ ಓದಬೇಕು. ನೀವಿಬ್ಬರೂ ಒಂದೀಟು ಸುಮ್ಮನಿರ್ರಿ.”

ಮಾರ್ಗಶಿರದ ಬಿಸಿಲು. ಚಳಿಯೂ ಅಲ್ಲ, ಸೆಕೆಯೂ ಅಲ್ಲ, ಮೈಮೇಲೆ ಹಳೆಯ ದುಪ್ಪಟಿ ಹೊದಿಸಿದಂತೆ. ಎದುರಿನ ಫ್ಲಾಟುಗಳ ಸಂದಿಯಲ್ಲಿ ಮೆಟ್ರೋ ರೈಲು ಸದ್ದಿಲ್ಲದೆ ಜಾರಿಹೋಗುತ್ತಿತ್ತು. ಕೆಳಗೆ ಯಾರೋ ತೆಲುಗಿನಲ್ಲಿ ಕರಿಬೇವು ಕೂಗುತ್ತಿದ್ದರು. ಆ ಕೂಗೂ ತೂಕಡಿಸುತ್ತಿತ್ತು.

ಎರಡು ತಿಂಗಳ ಹಿಂದೆ ಮಗಳು ಸ್ನಾನಕ್ಕೆ ಹೋದಾಗ ರಾಯರು ಅವಳ ವಾಟ್ಸಾಪನ್ನು ಈ ಟ್ಯಾಬಿಗೆ ಜೋಡಿಸಿಕೊಂಡಿದ್ದರು. ಅಲ್ಲಿಂದ ಅವಳಿಗೆ ಬಂದದ್ದು, ಅವಳು ಕಳಿಸಿದ್ದು ಎಲ್ಲವೂ ಇಲ್ಲಿ ಮೂಡುತ್ತಿತ್ತು. ಹಗಲು ವಾಸಂತಿ ಓದುವುದು, ಸಂಜೆ ಆಫೀಸಿನಿಂದ ಬಂದು ರಾಯರು ಓದುವುದು. ಬೇರೆ ಮನೆಗಳಲ್ಲಿ ಟಿವಿ ನೋಡುತ್ತಾರೆ.

ಇಷ್ಟು ಮಾಡಿ ಹಿಡಿದದ್ದೇನು? ಕನಸುಗಳು!

ಸಂಪದಾ ದಿನಾ ತನ್ನ ಹಿಂದಿನ ರಾತ್ರಿಯ ಕನಸನ್ನು ಐಶ್ವರ್ಯಾ ಎಂಬ ಗೆಳತಿಗೆ ಬರೆಯುತ್ತಿದ್ದಳು. ಅವಳು ತನ್ನದನ್ನು ಇವಳಿಗೆ. ಐಶ್ವರ್ಯಾ ಯಾದಗಿರಿ ಕಡೆಯ ವ್ಯಾಪಾರಿಗಳ ಮಗಳು, ಮೆಹದಿಪಟ್ಟಣಂನ ಯಾವುದೋ ಹಾಸ್ಟೆಲಿನಲ್ಲಿದ್ದಾಳೆ. ಯಾವುದೋ ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂತು ಪರಿಚಯವಾಗಿತ್ತು. ಕಾಲೇಜಿನಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಕನಸಿಗೆ ಮಾತ್ರ ಇಬ್ಬರೂ ಕನ್ನಡ ಇಟ್ಟುಕೊಂಡಿದ್ದರು.

‘ನಮ್ಮ ಫ್ಲಾಟಿನ ನೀರಿನ ಟಾಕಿಯೊಳಗ ಒಂದು ಊರಿತ್ತು,’ ಎಂದು ಸಂಪದಾ ಬರೆದಿದ್ದಳು. ‘ಅಲ್ಲೆ ಎಲ್ಲಾರೂ ಮಲಗಿದ್ರು. ಸಾಲಿ ಗಂಟಿ ಸುದ್ದಾ ಮಲಗಿತ್ತು.’

‘ನಾ ಆ ಗಂಟಿ ಬಾರಿಸಾಕ ಬಂದಿದ್ದೆ,’ ಎಂದು ಐಶ್ವರ್ಯಾ. ‘ಆದರ ನನ್ನ ಕೈ ಹತ್ತಿ ಆಗಿತ್ತು.’

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಈಚೆಗೆ ನನಗೆ ಬೀಳುವ ಕನಸಿನಲ್ಲಿ ಗ್ಯಾಸ್ ಸಿಲಿಂಡರ್ ಮುಗಿಯುವುದೇ ದೊಡ್ಡ ಘಟನೆ.

ರಾಯರ ಪ್ರಕಾರ ಈ ಐಶ್ವರ್ಯಾ ಇಲ್ಲವೇ ಇಲ್ಲ. ಆ ಹೆಸರಿನಲ್ಲಿರುವವನು ಕೆಳಗಿನ ಮನೆಯ ಹುಡುಗ ಅಮೋಲ್. ಆ ನಂಬರೂ ನಿನ್ನೆಯಿಂದ ಬಂದ್ ಇರುವುದೇ ಸಾಕ್ಷಿಯಂತೆ. ಬೆಳಿಗ್ಗೆ ನಾನು ಅಮೋಲನನ್ನು ನೋಡಿಬಂದಿದ್ದೆ. ಮೊನ್ನೆ ದವಡೆ ಹಲ್ಲು ಕೀಳಿಸಿಕೊಂಡು, ಗಲ್ಲ ಊದಿಸಿಕೊಂಡು, ತಾಯಿಯ ಕೈಯಿಂದ ಗಂಜಿ ಕುಡಿಯುತ್ತ ಮಲಗಿದ್ದ. ಓಡಿಸಿಕೊಂಡು ಹೋಗುವ ಸ್ಥಿತಿಯಲ್ಲಿರಲಿಲ್ಲ.

ಓದುತ್ತ ಓದುತ್ತ ಕಣ್ಣು ಮುಚ್ಚಿದೆ. ನೀರಿನೊಳಗಿನ ಊರು, ಮೋಡದೊಳಗಿನ ರೈಲು, ಹತ್ತಿಯ ಕೈ ಎಲ್ಲ ಒಂದರೊಳಗೊಂದು ಸೇರಿಕೊಂಡವು. ಆ ಅರೆನಿದ್ದೆಯಲ್ಲಿ ಒಂದು ವಿಷಯ ಮಾತ್ರ ಸೇರದೆ ಹೊರಗೆ ಉಳಿಯಿತು. ಊಟದ ಡಬ್ಬಿ.

ಹದಿನಾರರ ಹುಡುಗಿಯ ಕನಸಿನಲ್ಲಿ ಊಟದ ಡಬ್ಬಿ ಬಂದರೆ ಅದರೊಳಗೆ ಹಾವಿರಬಹುದು, ಚಂದ್ರನಿರಬಹುದು. ಯಾರಿಗೆ ಒಯ್ದು ಕೊಡಬೇಕೆಂಬ ಚಿಂತೆ ಇರುವುದಿಲ್ಲ. ಅದು ಡಬ್ಬಿ ಕಟ್ಟಿ ಕಟ್ಟಿ ಬೇಸತ್ತವರ ಚಿಂತೆ.

ಎದ್ದು ಕೂತು ಆ ಮೆಸೇಜಿನ ದಿನಾಂಕ ನೋಡಿದೆ. ಆಮೇಲೆ ಎಲ್ಲ ದಿನಾಂಕಗಳನ್ನೂ ನೋಡುತ್ತ ಹೋದೆ. ಹುಡುಗಿಯರು ದಿನಾ ತಪ್ಪದೆ ಬರೆದಿದ್ದಾರೆ, ಆದರೆ ಮೊದಲ ತಿಂಗಳು ಪಕ್ಷಕ್ಕೊಂದು ದಿನ ಖಾಲಿ. ಸಂಪದಾಳ ಕಡೆಯಿಂದ ಒಂದಕ್ಷರವೂ ಇಲ್ಲ.

“ವಾಸಂತಿ, ಸ್ವಲ್ಪ ಬರ್ರಿ ಇಲ್ಲೆ.”

ಅವರು ಒಂದು ತಟ್ಟೆಯಲ್ಲಿ ಹಚ್ಚಿದ ಅವಲಕ್ಕಿ ಹಿಡಿದುಕೊಂಡೇ ಬಂದರು. ಮಗಳು ಕಾಣೆಯಾದರೂ ಮನೆಗೆ ಬಂದವರನ್ನು ಉಪವಾಸ ಕೂರಿಸಬಾರದೆಂಬ ಜನ.

“ಹಿಂಗ ನಡನಡುವ ಒಂದೊಂದು ದಿನ ಆಕಿ ಬರೆದೇ ಇಲ್ಲಲ್ಲ. ಯಾಕ?”

ವಾಸಂತಿ ನೋಡಿ, ಆ ಸಂಕಟದಲ್ಲೂ ತುಸು ನಕ್ಕರು. “ಅವತ್ತ ಏಕಾದಶಿ ಅಲ್ಲೇನ್ರೀ ಅಕ್ಕಾ. ನಮ್ಮನ್ಯಾಗ ಏಕಾದಶಿ ದಿವಸ ಫೋನಿಗೂ ಉಪವಾಸ. ಇವರದೇ ನೇಮ. ಮೂರೂ ಫೋನು ಬಂದ್ ಮಾಡಿ ದೇವರ ಮನ್ಯಾಗಿನ ಹಿತ್ತಾಳಿ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕ್ತಾರ. ಮರುದಿವಸ ದ್ವಾದಶಿ ಪಾರಣಿ ಆದಮ್ಯಾಲೆ ಕೊಡ್ತಾರ.”

“ಟ್ಯಾಬು?”

“ಅದು ಫೋನಲ್ಲಂತ. ಆಫೀಸಿನ ಸಾಮಾನಂತ.”

“ಕೀಲಿ ಎಲ್ಲಿರ್ತದ?”

“ಅವರ ಜನಿವಾರಕ್ಕ.”

ಇದನ್ನು ಹೇಳಿದ ಮೇಲೆ ಅವರ ನಗು ಹೋಯಿತು. ನಾನು ಏನು ಕೇಳುತ್ತಿದ್ದೇನೆಂದು ಅವರಿಗೆ ಗೊತ್ತಾಗಿತ್ತು. ಬಹುಶಃ ನಾನು ಕೇಳಲೆಂದೇ ನನ್ನನ್ನು ಕರೆಸಿದ್ದರು.

ಒಳಗೆ ಹೋಗಿ ಸೋಫಾದ ಮೇಲೆ ಕೂತೆ. ರಾಯರು ಎದುರಿನ ಕುರ್ಚಿಯಲ್ಲಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ ಬೆಳಗಿನಂತೆಯೇ ನೆಟ್ಟಗಿತ್ತು. ನೀರಾವರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್, ಕನ್ನಡ ಸಂಘದಲ್ಲಿ ಕಾರ್ಯದರ್ಶಿ. ಶಿಸ್ತಿನ ಮನುಷ್ಯ, ಕೆಟ್ಟವನೆಂದು ಯಾರೂ ಹೇಳಿರಲಿಲ್ಲ.

“ರಾಯರ, ಹೋದ ಏಕಾದಶಿಗೂ ಮೊನ್ನೆ ಏಕಾದಶಿಗೂ ಸಂಪದಾನ ಫೋನು ಪೆಟ್ಟಿಗ್ಯಾಗಿತ್ತಲ್ಲ?”

“ಇತ್ತು. ನಾನೇ ಇಟ್ಟೀನಿ.”

“ಹಂಗಾದ್ರ ಆ ಎರಡೂ ದಿವಸ ಆಕಿ ಹೆಸರಿಲೆ ಐಶ್ವರ್ಯಾಗ ಮೆಸೇಜ್ ಹ್ಯಾಂಗ ಹೋತು?”

ರಾಯರು ಟ್ಯಾಬ್ ತೆಗೆದುಕೊಂಡು ನೋಡಿದರು. ಎರಡು ತಿಂಗಳು ಒಂದೊಂದು ಕನಸಿಗೂ ಅರ್ಥ ಹಚ್ಚಿದ ಮನುಷ್ಯ ಒಮ್ಮೆಯೂ ದಿನಾಂಕ ನೋಡಿರಲಿಲ್ಲ.

“ಹುಡುಗಿ ಕದ್ದು ತೆಗೆದಿರಬೇಕು.”

“ಕೀಲಿ ನಿಮ್ಮ ಕೊರಳಾಗಿತ್ತು. ಪೆಟ್ಟಿಗಿ ಹೊರಗ ಉಳಿದದ್ದು ಒಂದೇ. ಈ ಟ್ಯಾಬು. ಇದರಾಗ ಓದಬಹುದು ಅಷ್ಟೇ ಅಲ್ಲ ರಾಯರ, ಬರೀಲಿಕ್ಕೂ ಬರ್ತದ.”

ನಾನು ಟ್ಯಾಬನ್ನು ಅವರ ಕೈಯಿಂದ ಮರಳಿ ತೆಗೆದುಕೊಂಡೆ. ಹೊರಗೆ ಇನ್ನೊಂದು ಮೆಟ್ರೋ ಹೋಯಿತು, ಅದರ ನೆರಳು ಗೋಡೆಯ ಮೇಲೆ ಉದ್ದಕ್ಕೂ ಹರಿದು ಮಾಯವಾಯಿತು.

“ಡಬ್ಬಿ ಕನಸು ನಂದು,” ಎಂದರು ವಾಸಂತಿ.

ರಾಯರು ತಿರುಗಿ ನೋಡಿದರು.

“ಅವತ್ತ ಏಕಾದಶಿ. ಹುಡುಗಿದು ಕನಸಿಲ್ಲ, ಏನಿಲ್ಲ. ಮಧ್ಯಾಹ್ನ ಹಂಗೇ ಕೂತಿದ್ದೆ.” ಅವರು ನೆಲ ನೋಡುತ್ತ ಹೇಳಿದರು. “ಎರಡು ತಿಂಗಳಾತು ಅಕ್ಕಾ, ಆ ಹುಡುಗೀರ ಕನಸು ಓದ್ಲಿಕ್ಕತ್ತಿ. ಮೊದಲ ಹೆದರಿಕಿಂದ ಓದಿದೆ. ಆಮ್ಯಾಲೆ ಓದದಿದ್ರ ಹೊತ್ತೇ ಹೋಗವಲ್ದಾತು. ಒಬ್ಬರಿಗೊಬ್ಬರು ಎಷ್ಟ ಛಂದ ಕೇಳ್ತಾರ, ಆಮ್ಯಾಲೆ ಏನಾತು, ಆಮ್ಯಾಲೆ ಏನಾತು ಅಂತ. ನನಗ ಯಾರು ಹಂಗ ಕೇಳ್ಯಾರ? ನನಗೂ ಒಂದು ಕನಸು ಬಿದ್ದಿತ್ತು. ಬರೆದು ಕಳಿಸಿಬಿಟ್ಟೆ.”

“ಅದು... ನಿಂದು?” ಎಂದರು ರಾಯರು. ಬಟ್ಟೆಯ ಬ್ಯಾಗು, ಸಿಕಂದರಾಬಾದಿನ ರೈಲು, ಹೆಸರು ಬದಲಿಸಿಕೊಂಡು ಓಡಿಹೋಗುವ ಸಂಚು ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಓಡಿಹೋಗುವ ಕನಸು ಕಂಡದ್ದು ಮಗಳಲ್ಲ, ದಿನಾ ತಮಗೆ ಡಬ್ಬಿ ಕಟ್ಟಿಕೊಡುವವಳು.

ನಗಬೇಕಾದ ಜಾಗ. ನನಗೆ ನಗು ಬರಲಿಲ್ಲ.

“ಐಶ್ವರ್ಯಾ ಕೇಳಿದಳೇನು, ಆಮ್ಯಾಲೆ ಏನಾತು ಅಂತ?” ಎಂದೆ.

“ಕೇಳಿದಳು.” ವಾಸಂತಿಯ ಕಣ್ಣು ತುಂಬಿದವು. “ಡಬ್ಬಿಯೊಳಗ ಏನಿತ್ತು ಅಂತ ಕೇಳಿದಳು.”

“ಟ್ಯಾಬಿನಾಗ ಬರೆದದ್ದು ಸಂಪದಾನ ಫೋನಿನೊಳಗೂ ಮೂಡ್ತದ, ಗೊತ್ತದಲ್ಲ?”

“ಇಲ್ಲ!” ಇಬ್ಬರೂ ಒಟ್ಟಿಗೆ ಹೇಳಿದರು. ರಾಯರ ದನಿ ಹೆಂಡತಿಯದಕ್ಕಿಂತ ದೊಡ್ಡದಾಗಿತ್ತು. ಅದನ್ನು ನಾನು ಗಮನಿಸಿಟ್ಟುಕೊಂಡೆ.

“ಮರುದಿವಸ ಪಾರಣಿ ಆಗಿ ಫೋನು ಕೈಗೆ ಬಂದಕೂಡಲೆ ಸಂಪದಾ ಅದನ್ನ ನೋಡ್ಯಾಳ. ತಾ ಬರೆಯದ ಕನಸು ತನ್ನ ಹೆಸರಿಲೆ. ಯಾರ ಕನಸು ಅಂತ ಗುರುತು ಹಿಡಿದಾಳ. ಅದರ ಮುಂದಿನವು ಓದ್ತೀನಿ, ಕೇಳ್ರಿ.”

‘ಡಬ್ಬಿ ಹಿಡಕೊಂಡಾಕಿ ಮತ್ತ ರೈಲಿನಾಗ ಬಂದಿದ್ದಳು. ನಾ ಆಕಿ ಬಾಜೂಕ ಕೂತೆ. ಯಾರಿಗೆ ಕೊಡಬೇಕು ನೆನಪಾಗವಲ್ದು ಅಂದಳು. ಹಂಗಾದ್ರ ನೀವೇ ಉಣ್ರಿ ಅಂದೆ.’

‘ಇವತ್ತೂ ಬಂದಿದ್ದಳು. ಇಬ್ಬರೂ ಕಿಡಕ್ಯಾಗ ನೋಡಿಕೋತ ಕೂತ್ವಿ. ಆಕಿ ಹೆಸರು ನನಗ ಗೊತ್ತದ, ಆದರ ಕರೀಲಿಲ್ಲ.’

ಮೊನ್ನೆಯ ತನಕ ಒಂದು ದಿನವೂ ಬಿಡದೆ ಹುಡುಗಿ ಬರೆದಿದ್ದಳು. ಗೆಳತಿಯ ಹೆಸರಿಗೆ ಬರೆದದ್ದು, ತಾಯಿ ಓದಲೆಂದು. ತನ್ನನ್ನು ಕದ್ದು ನೋಡುತ್ತಿದ್ದಾರೆಂದು ತಿಳಿದ ಹುಡುಗಿ ಬಾಗಿಲು ಹಾಕಿಕೊಳ್ಳಲಿಲ್ಲ, ಕೂರಲು ಜಾಗ ಮಾಡಿಕೊಟ್ಟಳು. ನನ್ನ ಈ ಕಸುಬಿನಲ್ಲಿ ಇಂಥ ಮಕ್ಕಳನ್ನು ನಾನು ಕಂಡಿರಲಿಲ್ಲ.

ವಾಸಂತಿ ಬಾಯಿಗೆ ಸೆರಗು ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು. “ದಿನಾ ಓದಿದೆನಲ್ಲ. ನನಗಂತ ತಿಳೀಲೇ ಇಲ್ಲಲ್ಲ.”

ನಾನು ಅವರ ಭುಜದ ಮೇಲೆ ಕೈಯಿಟ್ಟೆ, ಕಣ್ಣು ಮಾತ್ರ ರಾಯರ ಮೇಲಿತ್ತು.

“ಈಗ ಮೊನ್ನಿದು, ರಾಯರ.”

“ಅದೂ ಆಕಿನೇ ಬರೆದಿರಬೇಕು.”

“ಮೊನ್ನೆ ಟ್ಯಾಬ್ ನೀವು ಆಫೀಸಿಗೆ ಒಯ್ದಿದ್ರಿ,” ಎಂದರು ವಾಸಂತಿ, ತಲೆಯೆತ್ತದೆ.

ನಾನು ಗಟ್ಟಿಯಾಗಿ ಓದಿದೆ. ‘ಕನಸಿನಾಗ ನೀನು ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನಾಗ ನಿಂತಿದ್ದಿ. ಈ ಕನಸು ಖರೆ ಆಗಬೇಕು. ನಾಳೆ ಮುಂಜಾನೆ ತಪ್ಪದೆ ಬಾ. ಯಾರಿಗೂ ಹೇಳಬ್ಯಾಡ. ಕಾರಣವನ್ನು ಭೆಟ್ಟಿಯಾದಾಗ ತಿಳಿಸಲಾಗುವುದು.’

“ಹದಿನಾರರ ಹುಡುಗಿ ಗೆಳತಿಗೆ ಹಿಂಗ ಬರೀತಾಳೇನ್ರೀ? ಸಂಘದ ಸಭಾಕ್ಕ ಕರೆದಂಗದ.”

ರಾಯರ ಕಿವಿ ಕೆಂಪಾದವು. ಎದ್ದು ನಿಂತರು. “ಹೌದು, ಬರೆದೆ! ಏನೀಗ? ಅಪ್ಪ ಇದ್ದೀನಿ ನಾ. ಹುಡುಗಿ ಫೋನು ಪೆಟ್ಟಿಗ್ಯಾಗ ಇರೋ ದಿವಸ ನೋಡೇ ಬರೆದೆ. ಅಂವಾ ಬರ್ತಾನ, ಕೊರಳಪಟ್ಟಿ ಹಿಡೀತೀನಿ ಅಂತ. ನಿನ್ನೆ ಪಾರಣಿ ಮುಗಿಸಿ ಹೋಗಿ ನಿಂತೆ. ಹುಡುಗ ಬರಲೇ ಇಲ್ಲ. ಒಬ್ಬನೇ ಹೋದೆ, ಒಬ್ಬನೇ ಬಂದೆ. ಬಂದು ನೋಡಿದ್ರ ಇಲ್ಲೆ ಇದು.”

“ಹುಡುಗ ಬರಲಿಲ್ಲ. ಹುಡುಗಿ ಯಾರರೆ ನಿಂತಿದ್ದರೇನು?”

“ಬಸ್ ಸ್ಟ್ಯಾಂಡಿನಾಗ ಹುಡುಗೀರಿಗೇನು ಬರ.” ಸ್ವಲ್ಪ ತಡೆದು ಹೇಳಿದರು. “ಒಬ್ಬಾಕಿ ನಿಂತಿದ್ದಳು, ಎರಡು ಜಡಿ ಹಾಕ್ಕೊಂಡು. ಭಾಳ ಹೊತ್ತು. ಬಂದ ಬಂದ ಬಸ್ಸೆಲ್ಲಾ ನೋಡ್ಲಿಕ್ಕತ್ತಿದ್ದಳು. ನಾ ಹುಡುಗನ್ನ ಹುಡುಕ್ಲಿಕ್ಕತ್ತಿದ್ದೆ.”

ಐಶ್ವರ್ಯಾ ಇದ್ದಳು. ಕನಸಿನಲ್ಲಿ ಕರೆದ ಗೆಳತಿಯನ್ನು ನಂಬಿ ಬಂದು ನಿಂತಿದ್ದಳು. ಈ ಮನುಷ್ಯ ಅವಳೆದುರೇ ನಿಂತು ಅವಳು ಇಲ್ಲವೆಂದು ಕಾದಿದ್ದ. ಬೈಯಬೇಕೆನ್ನಿಸಿತು, ಸಮಯವಿರಲಿಲ್ಲ.

“ನಿನ್ನೆ ಫೋನು ಕೈಗೆ ಬಂದಕೂಡಲೆ ಸಂಪದಾ ಇದನ್ನೂ ನೋಡ್ಯಾಳ,” ಎಂದೆ. “ಇದು ತಾಯಿ ಬರೆದದ್ದಲ್ಲ ಅಂತ ತಿಳಿದಾಳ. ಗೆಳತಿಗೆ ಫೋನ್ ಹಚ್ಚಿದ್ರ ಹತ್ತಿರಲಿಕ್ಕಿಲ್ಲ. ನೀವು ಅಲ್ಲೆ ಏನ್ ರಾದ್ಧಾಂತ ಮಾಡ್ತೀರೋ ಅಂತ ಹೆದರಿ, ಕಾಲೇಜಿಗೆ ಹೋಗದ ಸೀದಾ ಮೆಹದಿಪಟ್ಟಣಂಗ ಹೋಗ್ಯಾಳ. ಗೆಳತೀನ್ನ ಉಳಿಸಲಿಕ್ಕ.”

ವಾಸಂತಿ ತಟ್ಟನೆ ತಲೆಯೆತ್ತಿದರು. “ಹಂಗಾದ್ರ ಇಬ್ಬರೂ ಕೂಡಿರಬೇಕಲ್ಲ? ಹುಡುಗೀರು ಹೆದರಿ ಎಲ್ಲರೆ ಕೂತಿರಬೇಕಲ್ಲ ಅಕ್ಕಾ?”

“ಇರಬೇಕು,” ಎಂದೆ. ನನಗೂ ಹಾಗೇ ಅನ್ನಿಸಿತ್ತು. ಎರಡೂ ಫೋನು ಒಂದೇ ದಿನ ಬಂದ್. ಎಲ್ಲೋ ಒಂದು ಗೆಳತಿಯ ಮನೆ, ಇಬ್ಬರು ಹುಡುಗಿಯರು, ಒಂದು ಚಾದರ, ಮುಗಿಯದ ಮಾತು. ನಿನ್ನೆಯಿಂದ ಮೊದಲ ಸಲ ಆ ಮನೆಯಲ್ಲಿ ಉಸಿರಾಡಲು ಗಾಳಿ ಬಂದ ಹಾಗಾಯಿತು. ವಾಸಂತಿ ಆಗಲೇ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೂ, ಚಪ್ಪಲಿ ಹುಡುಕತೊಡಗಿದ್ದರು.

ರಾಯರು ಮಾತ್ರ ಕೂತಿರಲಿಲ್ಲ, ಹಗುರವಾಗಿರಲೂ ಇಲ್ಲ. ಕಿಟಕಿಯ ಹತ್ತಿರ ನಿಂತು ಜನಿವಾರದ ಕೀಲಿಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಿದ್ದರು.

ಆಗ ನನ್ನ ತೊಡೆಯ ಮೇಲಿದ್ದ ಟ್ಯಾಬು ಸಣ್ಣಗೆ ಸದ್ದು ಮಾಡಿತು.

ಐಶ್ವರ್ಯಾ.

ವಾಸಂತಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಓಡಿಬಂದು ಟ್ಯಾಬನ್ನು ಕಸಿದುಕೊಂಡರು. ಓದಿದರು, ಮೊದಲು ಸಂತೋಷದಿಂದ, ಆಮೇಲೆ ನಿಧಾನವಾಗಿ.

‘ಸಂಪದಾ, ಈಗ ಫೋನ್ ಕೊಟ್ಟರು ನೋಡು. ನಿನ್ನೆ ಕೇಳದ ಹೊರಗ ಹೋಗಿದ್ದಕ್ಕ ವಾರ್ಡನ್ ಕಸಗೊಂಡಿದ್ದರು. ಹಾಸ್ಟೆಲಿನಾಗ ಕುಂತು ಭಾಳ ಅತ್ತೀನಿ. ನನಗ ಬಾ ಅಂದಾಕಿ ನೀನು, ಬಂದಮ್ಯಾಗ ಯಾಕ ಮಾತಾಡಿಸಲಿಲ್ಲ? ನೀ ರಸ್ತೆ ಆ ಕಡೆ ನಿಂತು ನಿಮ್ಮ ಅಪ್ಪಗ ಕೈ ಮುಗಿದು ಏನೋ ಹೇಳಾಕತ್ತಿದ್ದಿ. ಫೋಟೋದಾಗ ನೋಡಿದ್ದೆ, ಅದಕ್ಕ ಗುರ್ತು ಸಿಕ್ಕರು. ನಾ ಕೂಗಿದೆ, ನಿನಗ ಕೇಳಿಸಲಿಲ್ಲ. ಅಷ್ಟರಾಗ ಅವರು ನಿನ್ನ ಕೈ ಹಿಡಿದು ಕಾರಿನಾಗ ಕುಂದರಿಸಿ ಕಳಿಸಿಬಿಟ್ಟರು. ಮನ್ಯಾಗ ಬೈದರೇನು? ಆರಾಮ ಅದೀ ಅಲ್ಲ?’

ವಾಸಂತಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ 'ಕಾರಿನಾಗ' ಎಂಬಲ್ಲಿಗೆ ಹಿಂದೆ ಹೋಗಿ ಅಲ್ಲೇ ಬೆರಳಿಟ್ಟು ನಿಂತರು.

“ನಮ್ಮದು ಕಾರಿಲ್ಲ ಅಕ್ಕಾ,” ಎಂದರು ನನಗೆ, ಬಹಳ ಮೆತ್ತಗೆ.

ಆಮೇಲೆ ಗಂಡನ ಕಡೆ ತಿರುಗಿದರು.

“ಯಾರ ಕಾರ್ರೀ ಅದು?”